ಆಯ್ಕೆಯ ಆಟದಲ್ಲಿ ಪ್ರೀತಿ ಯಾವಾಗ ಹುಟ್ಟಬೇಕು?

ಪ್ರಶ್ನೆ: ನಾನು ಮಾಣಿಯವಳು, ಪುತ್ತೂರಿನಲ್ಲಿ ಪದವಿ ಓದುತ್ತಿದ್ದೇನೆ. ಮೊಬೈಲಿನಲ್ಲಿ ಕಥೆಯ ಆಟಗಳನ್ನು ತುಂಬಾ ಆಡುತ್ತೇನೆ. ಕಥೆ ಒಂದು ಕಡೆ ಬಂದು ನಿಲ್ಲುತ್ತದೆ, ಎರಡು ಮೂರು ಮಾತುಗಳಲ್ಲಿ ಒಂದನ್ನು ನಾವು ಆರಿಸಬೇಕು, ಮುಂದಿನ ಕಥೆ ಆ ದಾರಿ ಹಿಡಿಯುತ್ತದೆ. ಇಂಥದ್ದೊಂದು ಪ್ರೇಮಕಥೆಯನ್ನು ಕನ್ನಡದಲ್ಲಿ ಬರೆಯೋಣವೆಂದು ಇಂಥ ಕಥೆ ಕಟ್ಟುವ ತಂತ್ರಾಂಶವಾದ ಟ್ವೈನ್‌ನಲ್ಲಿ ಶುರು ಮಾಡಿದ್ದೇನೆ. ಗೆಳತಿಯರಿಗೆ ತೋರಿಸಿದರೆ ‘ಇಷ್ಟು ಬೇಗ ಲವ್ ಆಯ್ತಾ?’ ಅನ್ನುತ್ತಾರೆ. ನಡುವೆ ಇನ್ನಷ್ಟು ಸನ್ನಿವೇಶ ಸೇರಿಸಿ ಕೊಟ್ಟರೆ ‘ಬೋರ್ ಆಗ್ತದೆ’ ಅನ್ನುತ್ತಾರೆ. ಪ್ರೀತಿ ಯಾವಾಗ ಹುಟ್ಟಬೇಕು, ಎಷ್ಟು ಎಳೆಯಬೇಕು ಎಂಬುದಕ್ಕೆ ಏನಾದರೂ ಲೆಕ್ಕ ಉಂಟಾ? ನಮ್ಮ ಕಡೆ ಇಂಥ ಕಥೆ ಹೇಳುವ ಪದ್ಧತಿ ಏನಾದರೂ ಇತ್ತಾ?
— ಓದುಗರೊಬ್ಬರು, ಮಾಣಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇತ್ತು, ಈಗಲೂ ಇದೆ, ಅದೂ ನಿಮ್ಮ ಮನೆಯಿಂದ ಬಹಳ ದೂರದಲ್ಲೇನೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗೆಳತಿಯರ ಎರಡು ದೂರುಗಳ ಹಿಂದೆ ಇರುವುದು ಒಂದೇ ಕೊರತೆ. ಬೇಗ, ನಿಧಾನ ಎಂಬುದು ಪುಟಗಳ ಲೆಕ್ಕದಲ್ಲಿ ತೀರ್ಮಾನವಾಗುವುದಿಲ್ಲ. ನಾಯಕಿ ಮನಸ್ಸು ಬಿಚ್ಚುವ ಮೊದಲು ಅವಳಿಗೆ ಏನಾದರೂ ಕಳೆದುಕೊಳ್ಳುವ ಭಯ ಇತ್ತೇ ಎಂದು ಕೇಳಿಕೊಳ್ಳಿ. ಇರಲಿಲ್ಲವೆಂದರೆ ಹತ್ತನೇ ಪುಟದಲ್ಲಿ ಹುಟ್ಟಿದ ಪ್ರೀತಿ ಅವಸರದ್ದಾಗಿ ಕಾಣುತ್ತದೆ, ಅದನ್ನೇ ನೂರನೇ ಪುಟಕ್ಕೆ ತಳ್ಳಿದರೆ ಆಕಳಿಕೆ ಬರುತ್ತದೆ. ನಡುವೆ ನೀವು ಸೇರಿಸಿರಬಹುದಾದ ಕ್ಯಾಂಟೀನು, ಲೈಬ್ರರಿ, ಕಾಲೇಜ್ ಡೇ ಎಲ್ಲವೂ ಚೆನ್ನಾಗಿರಬಹುದು, ಆದರೆ ಅಲ್ಲಿ ಯಾವುದನ್ನು ಆರಿಸಿದರೂ ಯಾರಿಗೂ ಏನೂ ನಷ್ಟವಿಲ್ಲದಿದ್ದರೆ ಆಡುವವರು ಬರೀ ಬೆರಳು ಒತ್ತುತ್ತಾ ಹೋಗುತ್ತಾರೆ.

ಇದು ಹೊಸದಾಗಿ ಬರೆಯುವವರಿಗೆ ಮಾತ್ರ ಬರುವ ಕಷ್ಟ ಎಂದುಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದ ಆಟಗಳಲ್ಲಿ ಒಂದು. ಅದರಲ್ಲಿ ಆಟಗಾರನ ಜೊತೆ ಪಯಣಿಸುವ ಸಂಗಾತಿಗಳಿದ್ದಾರೆ. ನಾವು ಮಾಡುವ ಕೆಲಸ ಅವರಿಗೆ ಹಿಡಿಸಿದರೆ ಅಂಕ ಏರುತ್ತದೆ, ಹಿಡಿಸದಿದ್ದರೆ ಇಳಿಯುತ್ತದೆ, ಒಂದು ಮಟ್ಟ ದಾಟಿದಾಗ ಪ್ರೇಮದ ಮಾತು ಶುರುವಾಗುತ್ತದೆ. ಆಟ ಬಿಡುಗಡೆಯಾದ ಹೊಸತರಲ್ಲಿ ಗೇಲ್ ಎಂಬ ಮಾಂತ್ರಿಕ ಪರಿಚಯವಾದ ಕೆಲವೇ ಹೊತ್ತಿನಲ್ಲಿ ಪ್ರೇಮಕ್ಕೆ ಮುಂದಾಗುತ್ತಿದ್ದ. ಆಟಗಾರರು ನಿಮ್ಮ ಗೆಳತಿಯರ ಹಾಗೆಯೇ ಮುಖ ಸಿಂಡರಿಸಿದರು. ಆ ಮಟ್ಟವನ್ನು ತೀರಾ ಕೆಳಗೆ ಇಟ್ಟಿದ್ದೇ ತಪ್ಪಾಗಿತ್ತು ಎಂದು ಸ್ಟುಡಿಯೋದ ಮುಖ್ಯಸ್ಥ ಸ್ವೆನ್ ವಿಂಕೆ ಆಮೇಲೆ ಹೇಳಿದರು, ಅದನ್ನು ಸರಿಪಡಿಸಿದರು ಕೂಡ. ಅಷ್ಟು ದೊಡ್ಡ ತಂಡ, ಅಷ್ಟು ವರ್ಷಗಳ ಕೆಲಸ, ಎಡವಿದ್ದು ಮಾತ್ರ ನೀವು ಎಡವಿದ ಜಾಗದಲ್ಲೇ. ಅಂಕವನ್ನು ಸರಿಮಾಡುವುದು ಅವರಿಗೆ ಸಾಕಾಯಿತು, ಏಕೆಂದರೆ ಅವರ ಕಥೆಯಲ್ಲಿ ಅಪಾಯ ಮೊದಲೇ ಇತ್ತು. ನಿಮ್ಮ ಕಥೆಯಲ್ಲಿ ಆ ಅಪಾಯವನ್ನೇ ಹುಡುಕಬೇಕಾಗಿದೆ.

ಈಗ ನಮ್ಮ ಕಡೆಗೆ ಬರೋಣ. ಸುಧನ್ವಾರ್ಜುನ ಪ್ರಸಂಗವನ್ನು ನೀವು ಯಕ್ಷಗಾನ ಆಟದಲ್ಲೋ ತಾಳಮದ್ದಳೆಯಲ್ಲೋ ನೋಡಿರಬಹುದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಕಥೆ. ಧರ್ಮರಾಯನ ಅಶ್ವಮೇಧದ ಕುದುರೆ ಹಂಸಧ್ವಜನ ಚಂಪಕಾಪುರಕ್ಕೆ ಬರುತ್ತದೆ. ಕುದುರೆಯನ್ನು ಕಟ್ಟಿದ ಅರಸ ಡಂಗುರ ಸಾರಿಸುತ್ತಾನೆ: ಹೇಳಿದ ಹೊತ್ತಿಗೆ ರಣಭೂಮಿಗೆ ಬಾರದವರು ಯಾರೇ ಆಗಲಿ, ಅವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಎಸೆಯಲಾಗುವುದು. ಅರಸನ ಮಗ ಸುಧನ್ವ ತಾಯಿಯ ಆಶೀರ್ವಾದ ಪಡೆದು ಹೊರಟಿದ್ದಾನೆ. ಅಷ್ಟರಲ್ಲಿ ಹೆಂಡತಿ ಪ್ರಭಾವತಿ ಎದುರು ಬಂದು ತಡೆಯುತ್ತಾಳೆ. ಯುದ್ಧಕ್ಕೆ ಹೋದವನು ಮರಳಿ ಬರುತ್ತಾನೋ ಇಲ್ಲವೋ, ನನಗೊಂದು ಮಗುವನ್ನು ಕರುಣಿಸಿ ಹೋಗು ಎನ್ನುವುದು ಅವಳ ಬೇಡಿಕೆ.

ಈ ದೃಶ್ಯದ ಕಟ್ಟಡವನ್ನು ಹತ್ತಿರದಿಂದ ನೋಡಿ. ಕೊಪ್ಪರಿಗೆಯ ವಿಷಯ ನೋಡುವವರಿಗೆ ಮೊದಲೇ ಗೊತ್ತು. ಪ್ರಭಾವತಿಗೂ ಸುಧನ್ವನಿಗೂ ಗೊತ್ತು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಅವನು ತಂದೆಯ ಆಜ್ಞೆಯನ್ನು ಮುಂದಿಡುತ್ತಾನೆ. ಅವಳು ಗಂಡನ ಕರ್ತವ್ಯವನ್ನು ಮುಂದಿಡುತ್ತಾಳೆ. ಗೆದ್ದು ಬಂದ ಮೇಲೆ ನೋಡೋಣ ಎನ್ನುತ್ತಾನೆ. ಎದುರಿಗಿರುವವನು ಅರ್ಜುನ, ಅವನ ಬೆನ್ನಿಗೆ ಕೃಷ್ಣ, ಬರುವ ಭರವಸೆ ಏನು ಎಂದು ಕೇಳುತ್ತಾಳೆ. ಒಂದೊಂದು ಮಾತಿಗೂ ಹೊತ್ತು ಸರಿಯುತ್ತಿದೆ. ಸಲ್ಲಾಪದ ಒಂದೊಂದು ನುಡಿಯೂ ಅವನನ್ನು ಎಣ್ಣೆಯ ಹತ್ತಿರಕ್ಕೆ ಒಯ್ಯುತ್ತಿದೆ. ಹಾಗಾಗಿ ಈ ಪ್ರಸಂಗದಲ್ಲಿ ಶೃಂಗಾರ ಎಷ್ಟು ದೀರ್ಘವಾದರೂ ಯಾರೂ ಆಕಳಿಸುವುದಿಲ್ಲ, ಪ್ರೀತಿ ಗಾಢವಾದಷ್ಟೂ ಎದೆ ಹೊಡೆದುಕೊಳ್ಳುತ್ತದೆ. ಕೊನೆಗೆ ಅವನು ಉಳಿಯುತ್ತಾನೆ. ತಡವಾಗುತ್ತದೆ. ಶಂಖ, ಲಿಖಿತರೆಂಬ ಪುರೋಹಿತರು ಆಜ್ಞೆ ಮಗನಿಗೂ ಒಂದೇ ಎಂದು ಪಟ್ಟು ಹಿಡಿಯುತ್ತಾರೆ. ಅವನನ್ನು ಕೊಪ್ಪರಿಗೆಗೆ ಹಾಕುತ್ತಾರೆ. ಹರಿಯ ದಯೆಯಿಂದ ಬದುಕಿ ಬಂದು ಅರ್ಜುನನ ಮೇಲೆ ಹೋರಾಡಿ ಮಡಿಯುವುದು ಮುಂದಿನ ಕಥೆ.

ಪ್ರೇಮದ ಆಯ್ಕೆಯನ್ನು ಇದಕ್ಕಿಂತ ಚೆನ್ನಾಗಿ ಕಟ್ಟಿದ್ದನ್ನು ನಾನು ಯಾವ ಮೊಬೈಲ್ ಆಟದಲ್ಲೂ ಕಂಡಿಲ್ಲ. ಇದರಲ್ಲಿ ಎರಡೇ ದಾರಿ, ಉಳಿ ಅಥವಾ ಹೊರಡು. ಬೆಲೆ ಮೊದಲೇ ಹೇಳಿಯಾಗಿದೆ. ಎರಡರಲ್ಲಿ ಒಂದೂ ಸುಲಭವಲ್ಲ.

ಇನ್ನು ಎಷ್ಟು ಎಳೆಯಬೇಕು ಎಂಬ ನಡೆಯ ವಿಚಾರ. ಯಕ್ಷಗಾನದಲ್ಲಿ ಪದ್ಯ ಮೊದಲೇ ಬರೆದದ್ದು, ಅರ್ಥ, ಅಂದರೆ ಪಾತ್ರಧಾರಿಯ ಮಾತು, ಆಗಿಂದಾಗ ಹುಟ್ಟುವಂಥದ್ದು. ಪ್ರಭಾವತಿ ಇವತ್ತು ಯಾವ ವಾದ ಎತ್ತುತ್ತಾಳೆ ಎಂದು ಸುಧನ್ವನ ಪಾತ್ರ ವಹಿಸಿದವರಿಗೆ ಪೂರ್ತಿ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಕುಂಬಳೆ ಸುಂದರ ರಾಯರು (1934–2022) ಅಂಥವರ ಅರ್ಥಕ್ಕಾಗಿ ಜನ ದೂರದೂರದಿಂದ ಬರುತ್ತಿದ್ದುದು ಕಥೆ ತಿಳಿಯಲಿಕ್ಕಲ್ಲ. ಕಥೆ ಎಲ್ಲರಿಗೂ ಗೊತ್ತು, ಗೊತ್ತಿರುವ ಕೊನೆಗೆ ಇವತ್ತು ಯಾವ ದಾರಿಯಲ್ಲಿ ಹೋಗುತ್ತಾರೆ ಎಂಬುದನ್ನು ಕೇಳಲು ಬರುತ್ತಿದ್ದರು. ಈ ಸ್ವಾತಂತ್ರ್ಯಕ್ಕೆ ಲಗಾಮು ಪದ್ಯ ಹಾಡುವ ಭಾಗವತರ ಕೈಯಲ್ಲಿ. ಮಾತು ಎಲ್ಲಿ ಸಾಕು ಎಂದು ನಿರ್ಧರಿಸಿ ಮುಂದಿನ ಪದ್ಯ ಎತ್ತುವವರು ಅವರು. ಕಲಾವಿದರ ಮಾತು ಏರುತ್ತಿದ್ದರೆ ಬಿಡುತ್ತಾರೆ, ಸುತ್ತಿದಲ್ಲೇ ಸುತ್ತಿದರೆ ಜಾಗಟೆಗೆ ಕೈ ಹೋಗುತ್ತದೆ. ಮೂಡುಬಿದಿರೆ ಬಳಿಯ ಮಾರೂರಿನ ಬಲಿಪ ನಾರಾಯಣ ಭಾಗವತರನ್ನು (1938–2023) ಹಿರಿಯರು ಇಂದಿಗೂ ನೆನೆಯುವುದು ಕಂಠಕ್ಕಾಗಿ ಮಾತ್ರವಲ್ಲ, ಪ್ರಸಂಗದ ನಡೆಯ ಮೇಲೆ ಅವರಿಗಿದ್ದ ಹಿಡಿತಕ್ಕಾಗಿಯೂ ಹೌದು.

ಈಗ ರಾತ್ರಿಯಿಡೀ ನಡೆಯುವ ಆಟಗಳು ಕಡಿಮೆಯಾಗಿವೆ. ಧರ್ಮಸ್ಥಳ ಮೇಳವೂ ಕಾಲಮಿತಿಗೆ ಬಂದು ವರ್ಷಗಳಾದವು. ಹೊತ್ತು ಕಡಿಮೆಯಾದಾಗ ಏನನ್ನು ಬಿಡಬೇಕು ಎಂಬ ಪ್ರಶ್ನೆ ಬರುತ್ತದೆ. ಯುದ್ಧದ ಪದ್ಯಗಳಲ್ಲಿ ನಾಲ್ಕು ಕಡಿಮೆಯಾದರೆ ಅಷ್ಟು ಗೊತ್ತಾಗುವುದಿಲ್ಲ. ಪ್ರಭಾವತಿಯ ದೃಶ್ಯವನ್ನು ಅರ್ಧಕ್ಕೆ ಇಳಿಸಿದರೆ ಮಾತ್ರ ಆಮೇಲಿನ ಕೊಪ್ಪರಿಗೆಗೂ ತೂಕ ಉಳಿಯುವುದಿಲ್ಲ. ನಿಮ್ಮ ಕಥೆಯನ್ನು ತಿದ್ದುವಾಗಲೂ ಇದೇ ಅಳತೆ ಇಟ್ಟುಕೊಳ್ಳಿ. ಓಡಾಟ, ಪರಿಚಯ, ಹಾಸ್ಯ ಎಲ್ಲಿ ಬೇಕಾದರೂ ಕತ್ತರಿಸಿ, ನಿರ್ಧಾರದ ಮುಂಚಿನ ಹೊತ್ತನ್ನು ಮಾತ್ರ ಮುಟ್ಟಬೇಡಿ.

ಆಯ್ಕೆಗಳ ಸಂಖ್ಯೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಬರೆಯುವುದನ್ನು ನಿಲ್ಲಿಸುವುದು ಇಲ್ಲೇ. ಪ್ರತಿ ಸಲ ಎರಡು ದಾರಿ ಕೊಟ್ಟು, ಎರಡನ್ನೂ ಬೇರೆಬೇರೆಯಾಗಿಯೇ ಮುಂದುವರಿಸಿದರೆ ಹತ್ತು ಆಯ್ಕೆಗಳಾಗುವಾಗ 1024 ಕೊನೆಗಳನ್ನು ಬರೆಯಬೇಕಾಗುತ್ತದೆ. ಯಾರಿಂದಲೂ ಆಗದ ಕೆಲಸ. ನಿಮ್ಮ ಊರಿನ ಜಂಕ್ಷನ್ನನ್ನೇ ನೆನಪು ಮಾಡಿಕೊಳ್ಳಿ. ಮಂಗಳೂರಿನಿಂದ ಬಂದವರು ಮಾಣಿಯಲ್ಲಿ ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ತಿರುಗದೆ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ. ಎರಡೂ ಹೆದ್ದಾರಿಗಳು ಸೇರುವುದು ಬೆಂಗಳೂರಿಗೇ, ಆದರೆ ಮಡಿಕೇರಿಯ ಚಳಿ ಕಂಡವರೂ ಶಿರಾಡಿಯ ತಿರುವು ಕಂಡವರೂ ಒಂದೇ ಪಯಣ ಮಾಡಿದೆವು ಎಂದು ಹೇಳುವುದಿಲ್ಲ. ದಾರಿಗಳನ್ನು ಕವಲೊಡೆಸಿ, ಸ್ವಲ್ಪ ದೂರ ಬೇರೆಯಾಗಿ ಹೋಗಲು ಬಿಟ್ಟು, ಮತ್ತೆ ಸೇರಿಸಿ. ಸೇರಿದ ಮೇಲೂ ನಾಯಕಿ ಯಾವ ದಾರಿಯಲ್ಲಿ ಬಂದಳು ಎಂಬುದನ್ನು ಕಥೆ ಮರೆಯಬಾರದು.

ಆ ನೆನಪನ್ನು ಇಟ್ಟುಕೊಳ್ಳಲು ಟ್ವೈನ್‌ನಲ್ಲಿ ವೇರಿಯಬಲ್ ಎಂಬ ಸೌಲಭ್ಯವಿದೆ. ಬರೇ ‘ಪ್ರೀತಿ: 7’ ಎಂಬ ಅಂಕಕ್ಕೆ ಅದನ್ನು ಬಳಸಬೇಡಿ. ‘ಛತ್ರಿ ಕೊಟ್ಟಿದ್ದಳು’, ‘ಅಮ್ಮನಿಗೆ ಸುಳ್ಳು ಹೇಳಿದ್ದಳು’ ಎಂಬಂಥ ನಿರ್ದಿಷ್ಟ ಸಂಗತಿಗಳನ್ನು ನೆನಪಿಡಲು ಬಳಸಿ. ಮೂರು ಅಧ್ಯಾಯ ಕಳೆದ ಮೇಲೆ ನಾಯಕ ಆ ಛತ್ರಿಯ ಮಾತೆತ್ತಿದಾಗ ಆಡುವವರಿಗೆ ಆಗುವ ಪುಲಕ ಇಪ್ಪತ್ತು ಅಂಕ ಏರಿದರೂ ಆಗುವುದಿಲ್ಲ.

ಆಯ್ಕೆಯೇ ಇಲ್ಲದೆಯೂ ನಡೆಯನ್ನು ಬೆರಳ ತುದಿಗೆ ತಂದ ಒಂದು ಆಟವನ್ನು ನೀವು ಆಡಲೇಬೇಕು. ಆಸ್ಟ್ರೇಲಿಯಾದ ಮೆಲ್ಬರ್ನಿನ ಮೌಂಟನ್ಸ್ ಎಂಬ ಸ್ಟುಡಿಯೋ 2018ರ ಫೆಬ್ರವರಿ 14ರಂದು ಹೊರತಂದ ‘ಫ್ಲಾರೆನ್ಸ್’. ಫ್ಲಾರೆನ್ಸ್ ಎಂಬ ಹುಡುಗಿ, ಕೃಷ್ ಎಂಬ ಭಾರತೀಯ ಮೂಲದ ಚೆಲ್ಲೋ ವಾದಕ. ಮೊದಲ ಭೇಟಿಯಲ್ಲಿ ಅವಳು ಒಂದು ಮಾತಾಡಬೇಕಾದರೆ ನಾವು ಹಲವು ತುಂಡುಗಳನ್ನು ಜೋಡಿಸಿ ಮಾತಿನ ಗುಳ್ಳೆಯನ್ನು ತುಂಬಬೇಕು. ಭೇಟಿಯಿಂದ ಭೇಟಿಗೆ ತುಂಡುಗಳು ಕಡಿಮೆಯಾಗುತ್ತವೆ, ಕೊನೆಗೆ ಒಂದೇ ತುಂಡು ಸಾಕಾಗುತ್ತದೆ. ಇಬ್ಬರಿಗೂ ಮಾತು ಸಲೀಸಾಗಿದೆ ಎಂದು ಯಾರೂ ಹೇಳಬೇಕಿಲ್ಲ, ನಮ್ಮ ಬೆರಳಿಗೇ ಗೊತ್ತಾಗುತ್ತದೆ. ಮುಂದೆ ಜಗಳವಾದಾಗ ತುಂಡುಗಳಿಗೆ ಚೂಪು ಅಂಚು ಬರುತ್ತದೆ. ಒಂದು ಗಂಟೆಯೊಳಗೆ ಮುಗಿಯುವ ಈ ಆಟದಲ್ಲಿ ಹುಟ್ಟಿ, ಬೆಳೆದು, ಮುರಿಯುವ ಪ್ರೀತಿಗೆ ಎಲ್ಲೂ ಅವಸರವಿಲ್ಲ.

ಹೊತ್ತನ್ನೇ ಕಥೆಯ ಬಿಗಿಯಾಗಿಸಿದವರು ಬೇರೆ ಕಡೆಯೂ ಇದ್ದಾರೆ. ಜಪಾನಿನ ಕೊನಾಮಿ 1994ರಲ್ಲಿ ತಂದ ‘ಟೋಕಿಮೆಕಿ ಮೆಮೋರಿಯಲ್’ನಲ್ಲಿ ಆಟಗಾರನಿಗೆ ಇರುವುದು ಹೈಸ್ಕೂಲಿನ ಮೂರು ವರ್ಷ ಮಾತ್ರ, ಪ್ರೇಮ ನಿವೇದನೆಯಾಗುವುದಿದ್ದರೆ ಕೊನೆಯ ದಿನ ಶಾಲೆಯ ದೊಡ್ಡ ಮರದಡಿಯಲ್ಲಿ. ದಕ್ಷಿಣ ಕೊರಿಯಾದ ‘ಮಿಸ್ಟಿಕ್ ಮೆಸೆಂಜರ್’ (2016) ಇನ್ನೂ ಮುಂದೆ ಹೋಗಿ ಚಾಟ್‌ಗಳನ್ನು ನಿಜವಾದ ಗಡಿಯಾರಕ್ಕೆ ಕಟ್ಟಿತು. ನಡುರಾತ್ರಿಗೆ ಒಂದು ಚಾಟ್ ತೆರೆದಾಗ ನೀವು ನಿದ್ದೆಯಲ್ಲಿದ್ದರೆ ಅದು ನಿಮ್ಮನ್ನು ಬಿಟ್ಟೇ ನಡೆದುಹೋಗುತ್ತದೆ.

ನೀವು ಮೊಬೈಲಿನಲ್ಲಿ ಆಡುವ ‘ಎಪಿಸೋಡ್’, ‘ಚಾಯ್ಸಸ್’ಗಳಲ್ಲೂ ಕಾಯಿಸುತ್ತಾರೆ. ಆದರೆ ಆ ಕಾಯುವಿಕೆ ಬೇರೆ ಜಾತಿಯದು. ಮುಂದಿನ ಅಧ್ಯಾಯಕ್ಕೆ ಪಾಸೋ ಕೀಲಿಯೋ ಬೇಕು, ಅದು ಸಿಗಲು ಗಂಟೆಗಟ್ಟಲೆ ಕಾಯಬೇಕು. ನಾಯಕನೊಂದಿಗೆ ಏಕಾಂತದ ದೃಶ್ಯ ಬೇಕೆಂದರೆ ವಜ್ರ ಕೊಡಬೇಕು, ವಜ್ರ ಮುಗಿದರೆ ದುಡ್ಡು ಕೊಟ್ಟು ಕೊಳ್ಳಬೇಕು. ಅಲ್ಲಿ ಬೆಲೆ ತೆರುವವಳು ನಾಯಕಿಯಲ್ಲ, ಆಡುವ ಹುಡುಗಿ. ವಜ್ರ ಇಲ್ಲದವಳಿಗೆ ಉಳಿಯುವ ಉತ್ತರ ಬಹಳ ಸಲ ಮುಖ ತಿರುಗಿಸಿ ಹೋಗುವುದು. ಕಾಲೇಜು ಹುಡುಗಿಯರ ಕೈಯಲ್ಲಿರುವ ದುಡ್ಡೆಷ್ಟು ಎಂದು ಗೊತ್ತಿರುವವರು ಇದನ್ನು ಒಪ್ಪಲಾರರು. ಈ ನಡೆಯನ್ನು ನೀವು ಕಲಿತಿದ್ದರೆ ದಯವಿಟ್ಟು ಮರೆತುಬಿಡಿ.

ಪ್ರೀತಿ ಕೈಗೂಡದ ದಾರಿಯ ಬಗ್ಗೆಯೂ ಒಂದು ಮಾತು. ಅನೇಕ ಆಟಗಳಲ್ಲಿ ಅದು ಸೋಲು, ಪರದೆ ಕಪ್ಪಾಗಿ ಕಥೆ ಮುಗಿಯುತ್ತದೆ. ಭೀಷ್ಮವಿಜಯ ಪ್ರಸಂಗದಲ್ಲಿ ಭೀಷ್ಮ ಗೆದ್ದು ತಂದ ಅಂಬೆಯನ್ನು ನೆನೆಯಿರಿ. ಸಾಲ್ವನಿಗೆ ಮನಸ್ಸು ಕೊಟ್ಟಿದ್ದೇನೆ ಎಂದು ಭೀಷ್ಮನಿಗೆ ಅವಳು ಹೇಳುವುದು ಹಸ್ತಿನಾವತಿಗೆ ಬಂದ ಮೇಲೆ. ಹೇಳಿದ್ದು ಸತ್ಯ, ಹೇಳಿದ ಹೊತ್ತು ಮೀರಿತ್ತು. ಭೀಷ್ಮ ಗೌರವದಿಂದಲೇ ಕಳುಹಿಸಿಕೊಡುತ್ತಾನೆ, ಸಾಲ್ವ ಬೇರೊಬ್ಬ ಗೆದ್ದು ಒಯ್ದವಳು ಬೇಡ ಎನ್ನುತ್ತಾನೆ, ತಿರುಗಿ ಬಂದರೆ ಭೀಷ್ಮನಿಗೆ ಮದುವೆಯಾಗೆನೆಂಬ ಅವನ ಪ್ರತಿಜ್ಞೆ ಅಡ್ಡ. ಒಂದೊಂದೇ ಬಾಗಿಲು ಮುಚ್ಚುತ್ತದೆ, ಕಥೆ ಮಾತ್ರ ಮುಗಿಯುವುದಿಲ್ಲ, ಅಂಬೆಯ ಛಲ ಶುರುವಾಗುವುದೇ ಅಲ್ಲಿಂದ. ನಿಮ್ಮ ನಾಯಕಿ ‘ಇಲ್ಲ’ ಎಂದರೂ, ‘ಇಲ್ಲ’ ಎಂದು ಕೇಳಿಸಿಕೊಂಡರೂ ಅವಳ ಬದುಕಿನಲ್ಲಿ ಬರೆಯಲು ಬೇಕಾದಷ್ಟು ಇರಬೇಕು. ಹಾಗೆ ಬರೆದರೆ ಒಪ್ಪುವ ದಾರಿಗೂ ಬೆಲೆ ಬರುತ್ತದೆ.

ಇಷ್ಟು ಹೇಳಿ ಒಂದು ಮಾದರಿ ಕೊಡದಿದ್ದರೆ ಸರಿಯಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಬಸ್ಸನ್ನೇ ತೆಗೆದುಕೊಳ್ಳೋಣ. ಜೂನ್ ತಿಂಗಳ ಸಂಜೆ, ಪುತ್ತೂರಿನಿಂದ ಹೊರಟ ಬಸ್ಸು, ಹೊರಗೆ ಮಳೆ. ನಾಯಕಿ ಇಳಿಯುವುದು ಮಾಣಿಯಲ್ಲಿ. ಅದೇ ಬಸ್ಸಿನಲ್ಲಿರುವ ಅವಳ ಕ್ಲಾಸಿನ ಹುಡುಗ ಮುಂದೆ ಕಲ್ಲಡ್ಕಕ್ಕೆ ಹೋಗುವವನು, ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಿದ್ದಾನೆ. ಗಡಿಯಾರ ಬೇಡ, ಸ್ಟಾಪುಗಳೇ ಸಾಕು.

ಕಬಕದಲ್ಲಿ ಮೊದಲ ಆಯ್ಕೆ. ಪಕ್ಕದ ಸೀಟಿನಲ್ಲಿ ಅವಳ ಬ್ಯಾಗ್ ಇದೆ. ಅವನು ಕಂಬಿ ಹಿಡಿದು ನಿಂತಿದ್ದಾನೆ. ಬ್ಯಾಗ್ ತೆಗೆಯುವುದೋ, ಕಿಟಕಿಯ ಕಡೆ ಮುಖ ಮಾಡುವುದೋ?

ಮಿತ್ತೂರಿನ ಹತ್ತಿರ ಅಮ್ಮನ ಫೋನ್. ‘ಎಲ್ಲಿ ಮುಟ್ಟಿದಿ ಮಗಾ? ಒಬ್ಬಳೇ ಇದ್ದಿಯಾ?’ ಒಬ್ಬಳೇ ಎನ್ನುವುದೋ, ಕ್ಲಾಸಿನವರು ಒಬ್ಬರಿದ್ದಾರೆ ಎನ್ನುವುದೋ? ಇಲ್ಲಿ ಅವಸರ ಮಾಡಬೇಡಿ. ಉತ್ತರ ಕೊಡುವ ಮೊದಲೇ ಒಂದು ಸಾಲು ಬರಲಿ: ಮೂರು ಸೀಟು ಮುಂದೆ ದೊಡ್ಡಮ್ಮ ಕೂತಿದ್ದಾರೆ, ಕೊರಳು ತಿರುಗಿಸಿ ಇತ್ತ ನೋಡುತ್ತಿದ್ದಾರೆ.

ಮಾಣಿ ಬಂತು. ಕಂಡಕ್ಟರ್ ‘ಮಾಣಿ, ಮಾಣಿ, ಬೇಗ ಇಳಿಯಿರಿ’ ಎನ್ನುತ್ತಿದ್ದಾನೆ. ಅವನು ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಇಳಿಯುವುದೋ, ಕಲ್ಲಡ್ಕಕ್ಕೆ ಟಿಕೆಟ್ ಮಾಡುವುದೋ?

ಇಡೀ ದೃಶ್ಯದಲ್ಲಿ ಪ್ರೀತಿ ಎಂಬ ಮಾತೇ ಬಂದಿಲ್ಲ. ಆದರೂ ಕಲ್ಲಡ್ಕಕ್ಕೆ ಟಿಕೆಟ್ ಮಾಡಿದವಳು ಏನು ಹೇಳಿದಳು ಎಂದು ಅವನಿಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು. ‘ಒಬ್ಬಳೇ’ ಎಂದು ಹೇಳಿ ಮುಂದೆ ಹೋದವಳಿಗೆ ಮನೆಯಲ್ಲಿ ಒಂದು ರಾತ್ರಿ, ನಿಜ ಹೇಳಿ ಹೋದವಳಿಗೆ ಇನ್ನೊಂದು ರಾತ್ರಿ. ನಮ್ಮ ಕಡೆಯ ಪ್ರೇಮಕಥೆಗಳಿಗೆ ಕೊಪ್ಪರಿಗೆ ಹುಡುಕಿಕೊಂಡು ಹೋಗಬೇಕಿಲ್ಲ. ಮನೆ, ಜಾತಿ, ನೆಂಟರ ಕಣ್ಣು, ಅಪ್ಪನ ಸಾಲ, ಬೆಂಗಳೂರಿನ ಕೆಲಸ ಎಲ್ಲವೂ ಕೈಗೆಟಕುವಲ್ಲೇ ಇವೆ. ಹೊರಗಿನ ಆಟಗಳ ಕಾಫಿ ಶಾಪನ್ನೂ ಶ್ರೀಮಂತ ನಾಯಕನನ್ನೂ ನೀವು ಎರವಲು ತರುವುದು ಬೇಡ.

ನೀವು ಕೇಳಿದ ಲೆಕ್ಕಕ್ಕೆ ನನ್ನ ಉತ್ತರ ಇದು. ಪ್ರೀತಿ ಮೊದಲ ಪುಟದಲ್ಲೇ ಹುಟ್ಟಿದರೂ ಅಡ್ಡಿಯಿಲ್ಲ, ಸುಧನ್ವ ಮತ್ತು ಪ್ರಭಾವತಿ ಕಥೆ ಶುರುವಾಗುವ ಮೊದಲೇ ಗಂಡ ಹೆಂಡತಿ. ಆ ಪ್ರೀತಿಯನ್ನು ತೋರಿಸಲು ಏನು ತೆರಬೇಕು ಎಂಬುದು ಆಯ್ಕೆಯ ಮೊದಲೇ ಆಡುವವರಿಗೆ ತಿಳಿದಿರಬೇಕು, ತೆತ್ತ ಮೇಲೆ ಕಥೆ ಅದನ್ನು ಮರೆಯಬಾರದು. ಈ ಎರಡು ಇದ್ದರೆ ಎಷ್ಟು ಬೇಕಾದರೂ ಎಳೆಯಬಹುದು.

ಮೊದಲ ಅಧ್ಯಾಯ ಸಿದ್ಧವಾದಾಗ ಗೆಳತಿಯರ ಪಕ್ಕದಲ್ಲಿ ಕೂತು ಅವರು ಆಡುವುದನ್ನು ನೋಡಿ, ಚೆನ್ನಾಗಿದೆಯಾ ಎಂದು ಮಾತ್ರ ಕೇಳಬೇಡಿ. ಯಾವ ಆಯ್ಕೆಯ ಮುಂದೆ ಅವರ ಬೆರಳು ತಡೆಯಿತು, ಯಾವುದನ್ನು ನೋಡದೆ ಒತ್ತಿದರು ಎಂದು ಬರೆದಿಟ್ಟುಕೊಳ್ಳಿ. ನೋಡದೆ ಒತ್ತಿದ್ದನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು ನಮಗೂ ಕಳುಹಿಸಿಕೊಡಿ.